ಪ್ರಸ್ತಾವನೆಯ ಧರ್ಮ

ಗ್ರಂಥವನ್ನು ಅರಿಯುವುದಕ್ಕೆ ಗ್ರಂಥಕರ್ತನನ್ನು ಅರಿಯಬೇಕೇ ಬೇಡವೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಪಂಡಿತರ ಚರ್ಚೆಗೆ ಮಾತ್ರ ಸಲ್ಲುವಂಥದೆಂದು ತೋರಬಹುದು. ಆದರೆ ನಮ್ಮ ದಿನಗಳಲ್ಲಿ ಅದು ಓದುವ ಹವ್ಯಾಸವುಳ್ಳ ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ. ಹೊಸದಾಗಿ ಕಥೆ ಕಾದಂಬರಿಗಳನ್ನು ಬರೆಯತೊಡಗಿದವರನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂಬ ಸದುದ್ದೇಶದಿಂದ ಅವರನ್ನು ಸಭೆಗೆ ಕರೆದು, ಎದುರಿಗೆ ಕುಳ್ಳಿರಿಸಿಕೊಂಡು, ಪ್ರಶ್ನೆ ಕೇಳಿ ಉತ್ತರ ಪಡೆಯುವ ಪದ್ಧತಿಯು ಎಲ್ಲೆಡೆಯೂ ಬೆಳೆದಿದೆ. 1954ರಲ್ಲಿ ಸ್ಥಾಪಿತವಾದ ಸಾಹಿತ್ಯ ಅಕಾಡೆಮಿಯು ಕಥೆಗಾರರಿಗಾಗಿಯೇ ‘ಕಥಾಸಂಧಿ’ ಎಂಬ ಕಾರ್ಯಕ್ರಮವನ್ನಿಟ್ಟುಕೊಂಡಿದೆ. ಅಲ್ಲಿ ಕಥೆಗಾರರು ತಮ್ಮ ಕಥೆಯನ್ನು ಓದಿ ಕೇಳುಗರೊಡನೆ ಮಾತನಾಡುತ್ತಾರೆ. ಧಾರವಾಡದಲ್ಲಿ 2013ರಿಂದ ಸಾಹಿತ್ಯ ಸಂಭ್ರಮ ಮೊದಲಾಯಿತು. ಬೆಂಗಳೂರಿನಲ್ಲಿ ಅದಕ್ಕೂ ಸ್ವಲ್ಪ ಮುಂಚೆಯೇ ಸಾಹಿತ್ಯೋತ್ಸವ ಮೊದಲಾಗಿತ್ತು. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆಯ ನಮ್ಮಂಥವರಿಗೆ, ಸಾಯಂಕಾಲದ ಹೊತ್ತಿನಲ್ಲಿ ಹೆಬ್ಬಾಳದ ಮೇಲುಸೇತುವೆಯನ್ನು ದಾಟಿ ಚಾಮರಾಜಪೇಟೆಯ ಪರಿಷತ್ತಿಗೋ ರವೀಂದ್ರ ಕಲಾಕ್ಷೇತ್ರಕ್ಕೋ ಹೋಗಿಬರುವುದು ಒಂದು ಸಣ್ಣ ತೀರ್ಥಯಾತ್ರೆಯೇ ಆಗಿರುವುದರಿಂದ, ಈಚೆಗೆ ಬಡಾವಣೆಯ ಮನೆಗಳ ಪಡಸಾಲೆಗಳಲ್ಲಿಯೂ ಮಹಡಿಗಳ ಮೇಲೂ ಇಂಥ ಗೋಷ್ಠಿಗಳು ನಡೆಯುತ್ತಿವೆ.

ಈ ಪದ್ಧತಿಯು ಒಳ್ಳೆಯದೇ? ಒಳ್ಳೆಯದಾದರೆ ಎಲ್ಲಿಯವರೆಗೆ ಒಳ್ಳೆಯದು? ವಾಚಕನು ಹೊಸ ಬರಹಗಾರನಿಗೆ ಏನನ್ನು ಸಲ್ಲಿಸತಕ್ಕದ್ದು, ಅವನಿಂದ ಏನನ್ನು ಕೇಳತಕ್ಕದ್ದಲ್ಲ? ಈ ವಿಚಾರವನ್ನು ಸಹೃದಯರ ಮುಂದಿಡಬೇಕೆಂದು ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ. ನಾನು ಈ ವಿಷಯದಲ್ಲಿ ತಟಸ್ಥನಲ್ಲ. ತಪ್ಪು ಮಾಡಿ ಕಲಿತವನು. ಆ ತಪ್ಪನ್ನು ಮುಂದೆ ಹೇಳುತ್ತೇನೆ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಕೃತಿಯೇ ಕವಿಯ ಪರಿಚಯ. ಬೇರೆ ಪರಿಚಯವೇತಕ್ಕೆ ಎನ್ನುವವರುಂಟು. ಕಾಳಿದಾಸನ ಊರು ಯಾವುದೆಂಬುದು ಇಂದಿಗೂ ವಿವಾದದಲ್ಲಿದೆ; ಆದರೂ ಶಾಕುಂತಲವನ್ನು ಓದಿ ಕಣ್ಣೊದ್ದೆ ಮಾಡಿಕೊಳ್ಳುವವರಿಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ. ಅಷ್ಟು ಹಿಂದಕ್ಕೇಕೆ ಹೋಗಬೇಕು? ಕೊಡಗಿನ ಗೌರಮ್ಮನವರು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಪತಿಯ ಹೆಸರಿನ ಮರೆಯಲ್ಲಿ ನಿಂತು ಕಥೆಗಳನ್ನು ಬರೆದರು. 1939ರಲ್ಲಿ, ಇಪ್ಪತ್ತೇಳು ವರ್ಷದ ಎಳೆಯ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ‘ಕಂಬನಿ’ ಎಂಬ ಅವರ ಕಥಾಸಂಗ್ರಹವು ಪುಸ್ತಕವಾಗಿ ಬಂದಾಗ ಅವರಿರಲಿಲ್ಲ. ಅವರನ್ನು ಎದುರಿಗೆ ಕುಳ್ಳಿರಿಸಿಕೊಂಡು ಈ ಕಥೆ ಹೇಗೆ ಹುಟ್ಟಿತೆಂದು ಕೇಳುವ ಅವಕಾಶವು ಆ ಪುಸ್ತಕದ ಓದುಗರಾರಿಗೂ ದೊರೆಯಲಿಲ್ಲ. ಹಾಗಿದ್ದರೂ ಆ ಕಥೆಗಳು ಬದುಕಿವೆ. ಆದುದರಿಂದ ಸಂಭಾಷಣೆಯು ಅನಾವಶ್ಯಕವಾದ ಅಲಂಕಾರ. ಅಷ್ಟೇ ಅಲ್ಲ, ಮುಖವನ್ನು ಕಂಡ ಮೇಲೆ ಬಾಯಿಗೆ ದಾಕ್ಷಿಣ್ಯ ಬರುವುದರಿಂದ ಗುಣದೋಷ ವಿವೇಚನೆಗೆ ಅದು ವಿಘ್ನವೂ ಹೌದು. ಇದು ಪೂರ್ವಪಕ್ಷ.

ಇದರಲ್ಲಿ ಸತ್ಯವಿದೆ, ಆದರೆ ಅದು ಓದಿದ ಮೇಲಿನ ಸತ್ಯ. ಓದುವುದಕ್ಕೆ ಮುಂಚೆ ಯಾರಾದರೂ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕಷ್ಟೆ? ಹೆಸರು ಕೇಳದ ಒಬ್ಬರ ಮೊದಲ ಪುಸ್ತಕವನ್ನು, ಅದು ಮೊದಲ ಪುಸ್ತಕವೆಂಬ ಕಾರಣದಿಂದಲೇ, ನಾವು ಅಂಗಡಿಯಲ್ಲಿ ಮುಟ್ಟದೆ ಬಿಡುತ್ತೇವೆ. ಪೂರ್ವಪಕ್ಷಕ್ಕೆ ಆಧಾರವಾಗಿ ಬಂದ ಕಾಳಿದಾಸನೇ ಈ ತೊಡಕನ್ನು ಅನುಭವಿಸಿದವನು. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯನ್ನು ನೆನೆಯಿರಿ. ಸೂತ್ರಧಾರನು ಕಾಳಿದಾಸನ ನಾಟಕವನ್ನು ಆಡೋಣವೆಂದಾಗ ಅವನ ಜೊತೆಗಾರನಾದ ಪಾರಿಪಾರ್ಶ್ವಕನು ತಡೆಯುತ್ತಾನೆ. ಭಾಸ, ಸೌಮಿಲ್ಲ, ಕವಿಪುತ್ರ ಮೊದಲಾದ ಪ್ರಖ್ಯಾತರ ಕೃತಿಗಳಿರುವಾಗ ಈಗಿನ ಕವಿಯೊಬ್ಬನ ಕೃತಿಗೆ ಇಷ್ಟು ಮನ್ನಣೆಯೇಕೆ ಎಂದು ಕೇಳುತ್ತಾನೆ. ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂದ ಮಾತ್ರಕ್ಕೆ ಕೆಟ್ಟದಲ್ಲ. ತಿಳಿದವರು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ, ಮೂಢರು ಇತರರ ನಂಬಿಕೆಯ ಬಾಲ ಹಿಡಿಯುತ್ತಾರೆ ಎಂಬುದು ಸೂತ್ರಧಾರನ ಉತ್ತರದ ತಾತ್ಪರ್ಯ. ಅಂದು ಕಾಳಿದಾಸನೂ ಹೊಸಬನೇ. ಹೊಸ ಕವಿಯನ್ನು ಸಂಭಾಷಣೆಯ ಮೂಲಕ ಸಭೆಗೆ ಪರಿಚಯಿಸುವ ಕ್ರಮವು ಈಗಿನವರ ಕಲ್ಪನೆಯಲ್ಲ; ನಮ್ಮ ರಂಗಭೂಮಿಯ ಹಳೆಯ ಆಚಾರ.

ಇಂಥ ಪರಿಚಯವಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ನಮ್ಮ ಕನ್ನಡದಲ್ಲಿಯೇ ನಿದರ್ಶನವಿದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದವನು. ಅವನು ಬರೆದದ್ದನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. ಯಾವನೋ ಹಳೆಯ ಕವಿಯದೆಂಬಂತೆ ‘ಮುದ್ದಣ’ನ ಹೆಸರಿನಿಂದ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಹಳಬನೆಂದರೆ ಮಾತ್ರ ಗೌರವ ದೊರೆಯುವುದೆಂದು ಅವನು ತನ್ನ ಕಾಲದ ವಾಚಕರನ್ನು ಅಳೆದಿದ್ದನು, ಅಳತೆ ತಪ್ಪಾಗಿರಲಿಲ್ಲ. 1901ರಲ್ಲಿ, ಮೂವತ್ತೊಂದು ವರ್ಷ ತುಂಬುವ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ರಾಮಾಶ್ವಮೇಧವನ್ನು ಬರೆದವನು ತಮ್ಮ ನಡುವೆಯೇ ಇದ್ದ ಬಡ ಉಪಾಧ್ಯಾಯನೆಂಬುದು ಓದಿದ ಲೋಕಕ್ಕೆ ತಿಳಿದಾಗ ಅವನಿಗೆ ಒಂದು ಒಳ್ಳೆಯ ಮಾತು ಹೇಳುವ ಕಾಲ ಮೀರಿತ್ತು. ಗುಣವಿದ್ದರೆ ಕೃತಿ ತಾನೇ ಬೆಳಗುವುದೆಂದು ಸುಮ್ಮನೆ ಕುಳಿತುಕೊಳ್ಳುವ ವಾಚಕರು ಮುದ್ದಣನ ಈ ಮರೆಯನ್ನು ಮರೆಯಬಾರದು. ಕೃತಿ ಬೆಳಗಿತು, ನಿಜ; ಆ ಬೆಳಕಿನಲ್ಲಿ ಕರ್ತೃವಿಗೆ ಒಂದು ಹೊತ್ತಿನ ಸಂತೋಷವೂ ಸಿಕ್ಕಲಿಲ್ಲ.

ಆದುದರಿಂದ ಪರಿಚಯ ಬೇಕು. ಆದರೆ ಯಾವ ಪರಿಚಯ? ನಮ್ಮ ಭಾಗದಲ್ಲಿ ಆರ್. ಟಿ. ನಗರವೆಂಬ ಬಡಾವಣೆಯಿದೆ. ಆ ಎರಡು ಅಕ್ಷರಗಳು ರವೀಂದ್ರನಾಥ ಠಾಕೂರರವು. ದಿನಕ್ಕೆ ಎಷ್ಟೋ ಸಾವಿರ ಬಾಯಿಗಳಲ್ಲಿ, ಬಸ್ಸುಗಳ ಹಲಗೆಗಳ ಮೇಲೆ, ಅಂಗಡಿಗಳ ವಿಳಾಸಗಳಲ್ಲಿ ಆ ಹೆಸರು ಆಡುತ್ತಿರುತ್ತದೆ. ಅವರಲ್ಲಿ ಎಷ್ಟು ಮಂದಿ ಠಾಕೂರರ ಒಂದು ಸಣ್ಣ ಕಥೆಯನ್ನಾದರೂ ಓದಿದ್ದಾರು? ಹೆಸರು ಪರಿಚಯವಾದ ಮಾತ್ರಕ್ಕೆ ಕೃತಿ ಪರಿಚಯವಾಗುವುದಿಲ್ಲ. ಎಷ್ಟೋ ಸಲ ಹೆಸರಿನ ಪರಿಚಯವು ಓದದೆ ಇರುವುದಕ್ಕೆ ಒಂದು ನೆವವಾಗುತ್ತದೆ. ‘ಅವರನ್ನು ನಾನು ಬಲ್ಲೆ’ ಎಂದು ಹೇಳಿದವನಿಗೆ ಇನ್ನು ಓದುವ ಅಗತ್ಯವೇ ತೋರದು. ಗ್ರಂಥಕರ್ತರೊಡನೆ ನಡೆಯುವ ಸಂವಾದದಲ್ಲಿ ಅಡಗಿರುವ ಅಪಾಯ ಇದೇ.

ಇನ್ನು ನನ್ನ ತಪ್ಪಿನ ವಿಚಾರ. ಯಲಹಂಕದ ಉಪನಗರದಲ್ಲಿ, ಸ್ನೇಹಿತರೊಬ್ಬರ ಮನೆಯ ಮಹಡಿಯ ಮೇಲೆ, ಒಂದು ಭಾನುವಾರ ಸಾಯಂಕಾಲ ಸುಮಾರು ಮೂವತ್ತು ಮಂದಿ ಸೇರಿದ್ದೆವು. ಮೊದಲ ಕಥಾಸಂಗ್ರಹವನ್ನು ಪ್ರಕಟಿಸಿದ ತರುಣಿಯೊಬ್ಬರು ಅತಿಥಿಗಳು. ವಯಸ್ಸಿನಲ್ಲಿ ಹಿರಿಯನೆಂದು ಮೊದಲ ಪ್ರಶ್ನೆಯನ್ನು ನನಗೆ ಬಿಟ್ಟರು. ಪುಸ್ತಕವು ನನ್ನ ಕೈಗೆ ಬಂದು ಹತ್ತು ದಿನಗಳಾಗಿದ್ದುವು. ನಾನು ಮುನ್ನುಡಿಯನ್ನು ಮಾತ್ರ ನೋಡಿದ್ದೆ. ಸಂಗ್ರಹದ ಒಂದು ಕಥೆಯಲ್ಲಿ ನೆನಪು ಮಾಸಿದ ಮುದುಕನೊಬ್ಬನಿದ್ದಾನೆಂದೂ, ಬಡಾವಣೆಗೆ ಮಾರಿಹೋದ ತನ್ನ ದ್ರಾಕ್ಷಿ ತೋಟಕ್ಕೆ ನೀರು ಹಾಯಿಸಿದೆಯಾ ಎಂದು ಅವನು ಪ್ರತಿದಿನ ಸಾಯಂಕಾಲ ಮಗಳನ್ನು ಕೇಳುತ್ತಾನೆಂದೂ, ಅವಳು ಹಾಯಿಸಿದೆನಪ್ಪ ಎಂದು ಉತ್ತರ ಕೊಡುತ್ತಾಳೆಂದೂ ಮುನ್ನುಡಿಯಿಂದ ತಿಳಿದಿತ್ತು. ಅಷ್ಟನ್ನೇ ಬಂಡವಾಳ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ‘ಇದು ನಿಮ್ಮ ತಂದೆಯವರ ಕಥೆಯೇ ಅಮ್ಮಾ?’ ಎಂದು ಕೇಳಿಬಿಟ್ಟೆ.

ಆಕೆ ಒಂದು ಕ್ಷಣ ಸುಮ್ಮನಿದ್ದರು. ಅನಂತರ, ‘ಹೌದು ಎಂದರೆ ತಾವು ಬೇರೆ ರೀತಿಯಲ್ಲಿ ಓದುತ್ತೀರಾ ಸಾರ್?’ ಎಂದರು. ಮಾತಿನಲ್ಲಿ ಅವಿನಯವಿರಲಿಲ್ಲ, ಕಣ್ಣಿನಲ್ಲಿ ದಣಿವಿತ್ತು. ಆದರೆ ಬಾಗಿಲು ತೆರೆದಾಗಿತ್ತು. ನನ್ನ ಹಿಂದೆಯೇ ಇತರರು ನುಗ್ಗಿದರು. ತೋಟವು ಹೆಬ್ಬಾಳದ ಆಚೆಯೋ ಈಚೆಯೋ, ಎಕರೆಗೆ ಎಷ್ಟು ಬಂದಿತು, ತಂದೆಯವರು ಈಗ ಹೇಗಿದ್ದಾರೆ, ಅಣ್ಣತಮ್ಮಂದಿರಿಗೆ ಪಾಲು ಸಂದಿತೋ ಇಲ್ಲವೋ, ಹೀಗೆ ಒಂದು ಗಂಟೆಯ ಕಾಲ ಪ್ರಶ್ನೋತ್ತರ ನಡೆಯಿತು. ಕಥೆಯನ್ನು ಕುರಿತು ಒಂದು ಪ್ರಶ್ನೆಯೂ ಬರಲಿಲ್ಲ. ಕೊನೆಯಲ್ಲಿ ಹಾರ ಹಾಕಿ, ಫಲತಾಂಬೂಲ ಕೊಟ್ಟು, ಗೋಷ್ಠಿಯು ಬಹಳ ಚೆನ್ನಾಗಿ ನಡೆಯಿತೆಂದು ಎಲ್ಲರೂ ಹೇಳಿದೆವು. ಮನೆಗೆ ಬಂದ ಮೇಲೆ, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕುಳಿತಿದ್ದ ನನ್ನ ಹೆಂಡತಿ ಹೇಳಿದಳು: ‘ಪುಸ್ತಕ ಓದದೆ ಆ ಹುಡುಗಿಯ ಅಪ್ಪನ ವಿಚಾರ ಕೇಳಿದಿರಲ್ಲ, ಇದು ಯಾವ ನ್ಯಾಯ?’ ಆಕೆ ಪುಸ್ತಕವನ್ನು ಎರಡು ಸಲ ಓದಿದ್ದಳೆಂಬುದು ಆಗ ನನಗೆ ತಿಳಿಯಿತು.

ಆ ರಾತ್ರಿ ಕಥೆಯನ್ನು ಓದಿದೆ. ಅದು ಮಾರಿಹೋದ ತೋಟದ ಕಥೆಯಲ್ಲ. ಸುಳ್ಳಿನ ಕಥೆ. ಮೊದಲ ದಿನ ಕರುಣೆಯಿಂದ ಹೇಳಿದ ಸುಳ್ಳು ನೂರನೆಯ ದಿನಕ್ಕೆ ಅಭ್ಯಾಸವಾಗುತ್ತದೆ. ಕೊನೆಗೆ ಒಂದು ಸಾಯಂಕಾಲ ಮುದುಕನು ಕೇಳುವುದನ್ನು ಮರೆಯುತ್ತಾನೆ, ಮಗಳು ಕೇಳದಿದ್ದರೂ ‘ಹಾಯಿಸಿದೆನಪ್ಪ’ ಎನ್ನುತ್ತಾಳೆ. ಆ ಸುಳ್ಳು ಈಗ ಯಾರಿಗಾಗಿ? ಪ್ರಿಯವಾದ ಅಸತ್ಯವನ್ನು ನುಡಿಯಬಾರದೆಂಬ ಸ್ಮೃತಿಯನ್ನು ಎಷ್ಟೋ ವರ್ಷ ಹುಡುಗರಿಗೆ ಕಂಠಪಾಠ ಮಾಡಿಸಿದವನು ನಾನು. ಆ ಸ್ಮೃತಿಯ ಮುಂದೆ ಆ ಮಗಳನ್ನು ನಿಲ್ಲಿಸಿ ಏನು ತೀರ್ಪು ಕೊಡಲಿ ಎಂದು ತಿಳಿಯದೆ ಬಹಳ ಹೊತ್ತು ಕುಳಿತಿದ್ದೆ. ಕೇಳಬೇಕಾಗಿದ್ದ ಪ್ರಶ್ನೆ ಇದು. ಎದುರಿಗೇ ಕುಳಿತಿದ್ದಾಗ ನಾನು ಕೇಳಿದ್ದು ಅವರ ತಂದೆಯ ಆರೋಗ್ಯವನ್ನು.

ನನ್ನ ಅಪರಾಧವನ್ನು ಹೆಚ್ಚು ಮಾಡುವ ಇನ್ನೊಂದು ಸಂಗತಿಯುಂಟು. ಪಾಠಶಾಲೆಯಲ್ಲಿ ಧ್ವನ್ಯಾಲೋಕವನ್ನು ಗುರುಮುಖದಿಂದ ಕೇಳಿದವನು ನಾನು. ಕ್ರೌಂಚಪಕ್ಷಿಯ ವಿಯೋಗವನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಸ್ಥಳದಲ್ಲಿ ಅಭಿನವಗುಪ್ತನು ಲೋಚನದಲ್ಲಿ ಎಚ್ಚರಿಕೆ ಕೊಡುತ್ತಾನೆ: ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದು. ಸ್ವಂತ ದುಃಖದಲ್ಲಿ ಮುಳುಗಿದವನಿಗೆ ಆಸ್ವಾದವೆಲ್ಲಿ, ರಚನೆಯೆಲ್ಲಿ? ಒಬ್ಬನ ಅನುಭವವೆಂಬ ಕಟ್ಟು ಕಳಚಿ ಎಲ್ಲರ ಹೃದಯಕ್ಕೂ ಸಮಾನವಾದಾಗಲೇ ಅದು ರಸವಾಗುತ್ತದೆ. ಇದನ್ನೇ ಸಾಧಾರಣೀಕರಣವೆಂದು ಕರೆದರು. ಬರಹಗಾರನು ಎಷ್ಟೋ ರಾತ್ರಿಗಳ ಶ್ರಮದಿಂದ ತನ್ನ ಮನೆಯ ಸಂಗತಿಯನ್ನು ಎಲ್ಲರ ಮನೆಯ ಸಂಗತಿಯನ್ನಾಗಿ ಮಾಡಿ ಕೊಟ್ಟಿರುತ್ತಾನೆ. ‘ಇದು ನಿಮ್ಮದೇ ಕಥೆಯೇ?’ ಎಂದು ಕೇಳುವವನು ಆ ಶ್ರಮವನ್ನು ಒಂದೇ ಮಾತಿನಲ್ಲಿ ಅಳಿಸಿ, ಕಥೆಯನ್ನು ಮತ್ತೆ ಅವನ ಮನೆಯ ಬಾಗಿಲಿಗೆ ತಂದು ಕಟ್ಟುತ್ತಾನೆ. ಕಥೆಗಾರ್ತಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಸಾಕ್ಷ್ಯ ಕೇಳುತ್ತಾನೆ. ಹೌದೆಂದರೆ ತಂದೆಯ ಮಾನ ಬೀದಿಗೆ ಬರುವುದು. ಅಲ್ಲವೆಂದರೆ ಕಥೆಯೇ ಸುಳ್ಳೆಂದು ಕೇಳುಗರಿಗೆ ತೋರುವುದು. ಎರಡು ಉತ್ತರಗಳೂ ಅನ್ಯಾಯವಾಗುವಂಥ ಪ್ರಶ್ನೆಯನ್ನು ಕೇಳುವುದೇ ಅಧರ್ಮ. ಹೆಣ್ಣುಮಕ್ಕಳು ಬರೆದಾಗ ಈ ಪ್ರಶ್ನೆಯು ಹೆಚ್ಚಾಗಿ ಏಳುವುದೆಂಬುದನ್ನೂ ನೋಡಿದ್ದೇನೆ. ಗೌರಮ್ಮನವರು ಪತಿಯ ಹೆಸರಿನ ಮರೆಯಲ್ಲಿ ನಿಂತದ್ದೇಕೆಂದು ಆಶ್ಚರ್ಯಪಡುವವರು ಇದನ್ನು ಯೋಚಿಸಬಹುದು.

ಹಾಗಾದರೆ ಪೂರ್ವಪಕ್ಷದವರು ಹೇಳಿದಂತೆ ಸಂವಾದವನ್ನೇ ಬಿಟ್ಟುಬಿಡೋಣವೇ? ಬೇಡ. ತಪ್ಪು ಸಂವಾದದ್ದಲ್ಲ, ಸಂವಾದಿಯದು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದನು: ಕಟ್ಟುವ ಪ್ರತಿಭೆ ಕವಿಯದು, ಭಾವಿಸುವ ಪ್ರತಿಭೆ ವಾಚಕನದು. ವಾಚಕನೂ ಒಂದು ಪ್ರತಿಭೆಗೆ ಹೊಣೆಗಾರನೆಂಬುದನ್ನು ಗಮನಿಸಬೇಕು. ಭಾವಕರಲ್ಲಿ ಅವನು ನಾಲ್ಕು ಬಗೆಯವರನ್ನು ಹೇಳುತ್ತಾನೆ. ಅರೋಚಕಿಗೆ ಯಾವುದೂ ರುಚಿಸದು. ಸತೃಣಾಭ್ಯವಹಾರಿಯು ಅನ್ನದೊಡನೆ ಹುಲ್ಲನ್ನೂ ನುಂಗುವವನು. ಅವನಿಗೆ ಎಲ್ಲವೂ ರುಚಿಯೇ. ಮತ್ಸರಿಯು ಗುಣವನ್ನು ಕಂಡೂ ಕಾಣದಂತಿರುವನು. ತತ್ತ್ವಾಭಿನಿವೇಶಿಯು ಕೃತಿಯ ತಿರುಳನ್ನು ಅರಸುವವನು, ಅಂಥವನು ಸಾವಿರಕ್ಕೊಬ್ಬ. ನಮ್ಮ ಗೋಷ್ಠಿಗಳಲ್ಲಿ ಮುಖದಾಕ್ಷಿಣ್ಯದಿಂದ ಎರಡನೆಯ ಬಗೆಯವರು ಹೆಚ್ಚುತ್ತಾರೆ. ಅವರಿಂದ ಹೊಸಬರಿಗೆ ಕೇಡೇ ಹೊರತು ಹಿತವಿಲ್ಲ. ಏಕೆಂದರೆ ಎಲ್ಲವನ್ನೂ ಹೊಗಳುವ ಬಾಯಿಯಿಂದ ಬಂದ ಹೊಗಳಿಕೆಯು ನಿಜವಾಗಿ ಒಳ್ಳೆಯದಾದ ಕಥೆಗೆ ಏನನ್ನೂ ತಿಳಿಸುವುದಿಲ್ಲ. ಆ ತರುಣಿಯ ಸಂಗ್ರಹದಲ್ಲಿ ಮೂರು ಕಥೆಗಳು ಅವಸರದಲ್ಲಿ ಮುಗಿದಿವೆ. ಅದನ್ನು ಹೇಳುವುದು ಅಂದು ನಮ್ಮ ಕರ್ತವ್ಯವಾಗಿತ್ತು. ಓದಿದ್ದರೆ ತಾನೆ ಹೇಳುವುದು?

ಒಳ್ಳೆಯ ಸಂವಾದಿಯು ಹೇಗಿರಬೇಕೆಂಬುದಕ್ಕೆ ಲಕ್ಷಣವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಮುದ್ದಣನೇ ತನ್ನ ರಾಮಾಶ್ವಮೇಧದಲ್ಲಿ ಅಂಥವಳೊಬ್ಬಳನ್ನು ಸೃಷ್ಟಿಸಿ ಹೋಗಿದ್ದಾನೆ. ಹೊರಗಿನ ಲೋಕವು ಕೇಳದ ಪ್ರಶ್ನೆಗಳನ್ನು ಗ್ರಂಥದೊಳಗಿನ ಮನೋರಮೆಯು ಕೇಳುತ್ತಾಳೆ. ಮಳೆಗಾಲದ ಬೇಸರ ಕಳೆಯಲು ಕಥೆ ಬೇಕೆನ್ನುತ್ತಾಳೆ. ಯಾವ ಕಥೆ ಬೇಕು, ಯಾವುದು ಬೇಡ ಎಂದು ಆರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಿದರೆ ತಡೆಯುತ್ತಾಳೆ. ಮೆಚ್ಚಿದಲ್ಲಿ ಮೆಚ್ಚುತ್ತಾಳೆ, ಹುಸಿಮುನಿಸಿನಲ್ಲಿ ಹಂಗಿಸುತ್ತಾಳೆ. ಕಥೆ ಹೇಳುವವನು ಅವಳ ಗಂಡ. ಅವನ ಬದುಕಿನಲ್ಲಿ ಅವಳಿಗೆ ತಿಳಿಯದ್ದೇನೂ ಇಲ್ಲ. ಆದರೂ ಅವಳ ಪ್ರಶ್ನೆಗಳು ಕಥೆಯ ದಾರಿಯನ್ನೇ ಹಿಡಿದು ನಡೆಯುತ್ತವೆ. ಹತ್ತಿರವಿದ್ದೂ ಕಥೆಯನ್ನು ಮುಂದಿಟ್ಟು ಮಾತನಾಡುವುದು ಹೇಗೆಂಬುದನ್ನು ಅವಳಿಂದ ಕಲಿಯಬೇಕು.

ಇಷ್ಟೆಲ್ಲ ಏತಕ್ಕೆ, ಕಾಲವೇ ಯೋಗ್ಯತೆಯನ್ನು ತೋರಿಸುವುದಲ್ಲವೇ ಎನ್ನುವವರಿಗೆ ನಮ್ಮ ಕಣ್ಣ ಮುಂದಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಲಂಡನ್ನಿನಲ್ಲಿ ದೊರೆಯಿತು. ಅನುವಾದಕಿ ಕೊಡಗಿನ ದೀಪಾ ಭಾಸ್ತಿಯವರು. ಕನ್ನಡದ ಕೃತಿಗೆ ಆ ಗೌರವ ಸಂದದ್ದು ಅದೇ ಮೊದಲು. ಸಣ್ಣ ಕಥೆಗಳ ಸಂಗ್ರಹಕ್ಕೆ ಸಂದದ್ದೂ ಅದೇ ಮೊದಲು. ಮರುದಿನದಿಂದ ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಒಂದೇ ಮಾತು: ಯಾರು ಈಕೆ? ಏನು ಬರೆದಿದ್ದಾರೆ? ಅವರ ಸಂದರ್ಶನಗಳನ್ನು ಎಲ್ಲರೂ ಆತುರದಿಂದ ನೋಡಿದರು. ಆದರೆ ಆ ಸಂಗ್ರಹದ ಹನ್ನೆರಡು ಕಥೆಗಳು 1990ರಿಂದ ಈಚೆಗೆ ಮೂರು ದಶಕಗಳ ಕಾಲ ಕನ್ನಡದಲ್ಲಿ ಬರೆಯಲ್ಪಟ್ಟವು. ಬರೆದವರು ಹಾಸನದಲ್ಲಿದ್ದರು, ಯಶವಂತಪುರದಲ್ಲಿ ರೈಲು ಹತ್ತಿದರೆ ಕೆಲವು ಗಂಟೆಗಳಲ್ಲಿ ಸೇರಬಹುದಾದ ಊರು. ಅವರನ್ನು ಮೊದಲಿನಿಂದ ಓದಿ ಗೌರವಿಸಿದ ಕನ್ನಡಿಗರು ಇದ್ದಾರೆ, ಅವರಿಗೆ ನಮಸ್ಕಾರ. ನನ್ನಂಥ ಅನೇಕರು ಮಾತ್ರ ಪಕ್ಕದ ಜಿಲ್ಲೆಯ ಮನೆಯ ವರ್ತಮಾನವನ್ನು ಲಂಡನ್ನಿನಿಂದ ಕೇಳಿ ತಿಳಿದುಕೊಂಡೆವು. ಇತರರ ನಂಬಿಕೆಯ ಬಾಲ ಹಿಡಿಯುವವರೆಂದು ಸೂತ್ರಧಾರನು ಯಾರನ್ನು ಕುರಿತು ಹೇಳಿದನೋ ಆ ಸಾಲಿನಲ್ಲಿ ನಾನೂ ನಿಂತಿದ್ದೆನೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹೊಸಬರನ್ನು ಹುಡುಕುವ ಕೆಲಸವನ್ನು ಮಾಡುತ್ತಿರುವವರು ನಮ್ಮಲ್ಲಿ ಇಲ್ಲದೆ ಇಲ್ಲ. ಗಳಗನಾಥರು ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ, ಮನೆಬಾಗಿಲಲ್ಲಿ ನಿಂತು ವಾಚಕರೊಡನೆ ಮಾತನಾಡಿದರು. ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯ ಸಂಪಾದಕತ್ವದ ಹೊರೆಯನ್ನು ಹೊತ್ತರು. ನಮ್ಮ ಕಾಲದಲ್ಲಿ ಕಥೆಗಾರ ವಸುಧೇಂದ್ರರು ತಮ್ಮ ‘ಛಂದ ಪುಸ್ತಕ’ದ ಮೂಲಕ ಹೊಸ ಕಥೆಗಾರರ ಮೊದಲ ಸಂಗ್ರಹಗಳಿಗೆ ಬಹುಮಾನವಿತ್ತು ಪ್ರಕಟಿಸುತ್ತ ಬಂದಿದ್ದಾರೆ. ಪ್ರಕಾಶಕರು ತಮ್ಮ ಪಾಲಿನದನ್ನು ಮಾಡಬಲ್ಲರು. ಉಳಿದ ಪಾಲು ನಮ್ಮದು, ಅಂದರೆ ಪುಸ್ತಕವನ್ನು ಬಿಡಿಸಿ ಓದುವುದು.

ಆದುದರಿಂದ ಗೋಷ್ಠಿಗಳನ್ನು ನಡೆಸುವ ಮಿತ್ರರಲ್ಲಿ ನನ್ನ ಸೂಚನೆ ಸಣ್ಣದು. ಅತಿಥಿಯ ಒಂದು ಕಥೆಯನ್ನಾದರೂ ಓದಿ ಬಂದವರಿಗೆ ಮಾತ್ರ ಪ್ರಶ್ನೆಯ ಅಧಿಕಾರವಿರಲಿ. ಓದದವರು ಕೇಳಲಿ, ಕೇಳಿ ಓದುವ ಆಸೆಯನ್ನು ಮನೆಗೆ ಒಯ್ಯಲಿ. ಕಥೆಯಲ್ಲಿ ಕಂಡ ದೋಷವನ್ನು ಮೃದುವಾಗಿ ಹೇಳುವ ಧೈರ್ಯವಿರಲಿ. ಬರಹಗಾರರು ತಾವಾಗಿ ಹೇಳಿದಷ್ಟು ಅವರ ಬದುಕಿನ ವಿಚಾರ ಸಾಕು. ಸಂವಾದವು ನಾಟಕವಲ್ಲ, ಪ್ರಸ್ತಾವನೆ. ಸೂತ್ರಧಾರನು ಕವಿಯ ಹೆಸರನ್ನು ಹೇಳಿ, ಸಭೆಯ ಅವಧಾನವನ್ನು ಬೇಡಿ, ಪಾತ್ರಗಳು ಬರುವ ಹೊತ್ತಿಗೆ ರಂಗವನ್ನು ಬಿಟ್ಟು ಹೊರಡುತ್ತಾನೆ. ಅವನು ಹೊರಡದಿದ್ದರೆ ಮಾಲವಿಕೆಯು ಎಲ್ಲಿ ನಿಲ್ಲಬೇಕು?

ಆ ತರುಣಿಗೆ ನಾನು ಒಂದು ಕಾಗದ ಬರೆದೆ. ಕ್ಷಮೆ ಕೇಳಿದ್ದು ಎರಡು ಸಾಲು. ಆ ಮಗಳ ಸುಳ್ಳಿನ ವಿಚಾರವಾಗಿ ಎರಡು ಪುಟ. ಹದಿನೈದು ದಿನಗಳ ಮೇಲೆ ಉತ್ತರ ಬಂದಿತು. ಕ್ಷಮೆಯ ವಿಚಾರವನ್ನು ಅವರು ಎತ್ತಿರಲಿಲ್ಲ. ಆ ಸುಳ್ಳಿನ ಬಗ್ಗೆ ತಮಗೂ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲವೆಂದೂ, ಅದಕ್ಕಾಗಿಯೇ ಇನ್ನೊಂದು ಕಥೆಯನ್ನು ಬರೆಯತೊಡಗಿರುವುದಾಗಿಯೂ ತಿಳಿಸಿದ್ದರು. ಆ ಕಾಗದವನ್ನು ಮೊದಲು ಓದಿದವಳು ನನ್ನ ಹೆಂಡತಿ. ಕಥೆ ಅಚ್ಚಾಗಿ ಬಂದಾಗಲೂ ಅವಳೇ ಮೊದಲು ಓದುವಳು. ಈ ಸಲ ನಾನು ಬಹಳ ಹಿಂದೆ ಬೀಳುವುದಿಲ್ಲ.